ಜೋಶ್ ಗಿಬ್ಸನ್

ಜೋಶ್ ಗಿಬ್ಸನ್ (ಡಿಸೆಂಬರ್ 21, 1911 – ಜನವರಿ 20, 1947) ಅಮೆರಿಕದ ಬೇಸ್‌ಬಾಲ್ ಆಟಗಾರರು. ಬಿಳಿಯರ ಮೇಜರ್ ಲೀಗ್‌ಗಳಲ್ಲಿ ಕಪ್ಪು ವರ್ಣದವರಿಗೆ ಪ್ರವೇಶವಿಲ್ಲದಿದ್ದ ಕಾಲದಲ್ಲಿ, ಅವರು ನೀಗ್ರೋ ಲೀಗ್‌ಗಳಲ್ಲಿ ಕ್ಯಾಚರ್ ಆಗಿ ಆಡಿದರು. ('ನೀಗ್ರೋ' ಎಂಬ ಪದ ಇಂದು ಬಳಕೆಯಲ್ಲಿಲ್ಲ, ಆದರೆ ಆ ಲೀಗ್‌ಗಳ ಹೆಸರೇ ಅದು.) ಬ್ಯಾಟುಗಾರನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಚೆಂಡು ಹಿಡಿಯುವ ಕ್ಯಾಚರನನ್ನು ಕ್ರಿಕೆಟ್ಟಿನ ವಿಕೆಟ್ ಕೀಪರನಿಗೆ ಹೋಲಿಸಬಹುದು. ಮೊಣಕಾಲುಗಳನ್ನು ಸವೆಸುವ ಈ ಸ್ಥಾನದಲ್ಲಿದ್ದೂ ಅವರು ಹೊಡೆತಗಾರರಾಗಿ ಅಗ್ರಗಣ್ಯರಾಗಿದ್ದರು.

ಜೀವನ ಮತ್ತು ಆಟ

ಗಿಬ್ಸನ್ ಹುಟ್ಟಿದ್ದು ಜಾರ್ಜಿಯಾ ರಾಜ್ಯದ ಬ್ಯೂನ ವಿಸ್ಟಾದಲ್ಲಿ. ತಂದೆಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ದೊರೆತದ್ದರಿಂದ ಕುಟುಂಬ ಪಿಟ್ಸ್‌ಬರ್ಗ್‌ನಲ್ಲಿ ನೆಲೆಸಿತು. 1930ರಲ್ಲಿ ಅವರು ಹೋಮ್‌ಸ್ಟೆಡ್ ಗ್ರೇಸ್ ತಂಡವನ್ನು ಸೇರಿದರು. ಅದೇ ವರ್ಷ ಪತ್ನಿ ಹೆಲೆನ್ ಅವಳಿ ಮಕ್ಕಳ ಹೆರಿಗೆಯಲ್ಲಿ ತೀರಿಕೊಂಡರು. 1932ರಿಂದ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡದಲ್ಲಿ ಪ್ರಸಿದ್ಧ ಪಿಚರ್ ಸ್ಯಾಚೆಲ್ ಪೇಜ್ ಅವರೊಂದಿಗೆ ಆಡಿ, 1937ರಲ್ಲಿ ಗ್ರೇಸ್‌ಗೆ ಮರಳಿದರು. ನಡುವೆ ಮೆಕ್ಸಿಕೋದಲ್ಲಿಯೂ ಆಡಿದರು. 1943 ಮತ್ತು 1944ರಲ್ಲಿ ಗ್ರೇಸ್ ತಂಡ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಿತು. 1943ರಲ್ಲೇ ಅವರ ಮಿದುಳಿನಲ್ಲಿ ಗೆಡ್ಡೆ ಇರುವುದು ಪತ್ತೆಯಾಯಿತು. ಆದರೂ ಆಟ ನಿಲ್ಲಿಸಲಿಲ್ಲ.

ಅವರು ಪಾರ್ಶ್ವವಾಯುವಿನಿಂದ ನಿಧನರಾದಾಗ ವಯಸ್ಸು ಕೇವಲ 35. ಮೂರು ತಿಂಗಳೊಳಗೆ, 1947ರ ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಕಣಕ್ಕಿಳಿದು ಆ ವರ್ಣಗೋಡೆಯನ್ನು ಒಡೆದರು. ಗಿಬ್ಸನ್‌ರಿಗೆ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡುವ ಅವಕಾಶ ಸಿಗಲಿಲ್ಲ. 1972ರಲ್ಲಿ ಅವರ ಹೆಸರು ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸೇರಿತು. ಪಿಟ್ಸ್‌ಬರ್ಗ್‌ನಲ್ಲಿರುವ ಅವರ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 1975ರಲ್ಲಿ.

ಅಂಕಿ-ಅಂಶ

ಹಾಲ್ ಆಫ್ ಫೇಮ್‌ನ ಫಲಕದಲ್ಲಿ ಗಿಬ್ಸನ್ ಸುಮಾರು 800 ಹೋಮ್ ರನ್ ಹೊಡೆದರೆಂದಿದೆ. ಲೀಗ್‌ನ ಅಧಿಕೃತ ಲೆಕ್ಕದಲ್ಲಿ ಸಿಗುವುದು 200ಕ್ಕೂ ಕಡಿಮೆ. ಇವೆರಡೂ ಪರಸ್ಪರ ವಿರುದ್ಧವಲ್ಲ. ಲೀಗ್ ಋತು ಚಿಕ್ಕದಾಗಿತ್ತು. ಹೊಟ್ಟೆಪಾಡಿಗಾಗಿ ತಂಡಗಳು ಊರೂರು ಅಲೆದು ಆಡಿದ ಪ್ರದರ್ಶನ ಪಂದ್ಯಗಳೇ ಹೆಚ್ಚು, ಅವು ಲೀಗ್ ದಾಖಲೆಗೆ ಸೇರುವುದಿಲ್ಲ. 2024ರ ಮೇ ತಿಂಗಳಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯು ನೀಗ್ರೋ ಲೀಗ್‌ಗಳ ಅಂಕಿಗಳನ್ನು ತನ್ನ ದಾಖಲೆಗಳಲ್ಲಿ ವಿಲೀನಗೊಳಿಸಿತು. ಆಗ .372 ಬ್ಯಾಟಿಂಗ್ ಸರಾಸರಿಯ ಗಿಬ್ಸನ್, ಟೈ ಕಾಬ್ ಅವರ .367ನ್ನು ಹಿಂದಿಕ್ಕಿ ಜೀವಮಾನದ ಪಟ್ಟಿಯಲ್ಲಿ ಮೊದಲಿಗರಾದರು.