ಜೀರ್ಣಾಸ್ಥಿಯಲ್ಲಿ ಲೋಹದ ಹಿಡಿತ

ಹೋದ ವರ್ಷದ ಆಷಾಢದಲ್ಲಿ ನಮ್ಮ ಅಕ್ಕನವರು ಬಚ್ಚಲಮನೆಯಲ್ಲಿ ಜಾರಿಬಿದ್ದು, ಸೊಂಟದ ಸಂಧಿಯ ಬಳಿ ತೊಡೆಯ ಮೂಳೆಯನ್ನು ಮುರಿದುಕೊಂಡರು. ವಯಸ್ಸು 74. ಶಸ್ತ್ರವೈದ್ಯರು ಲೋಹದ ತಿರುಪುಮೊಳೆಯಿಂದ ಮೂಳೆಯನ್ನು ಕೂಡಿಸಿದರು. ಮೂರು ತಿಂಗಳೊಳಗಾಗಿ ಆ ಮೊಳೆಯು ಮೂಳೆಯ ತಲೆಯನ್ನು ಸೀಳಿಕೊಂಡು ಹೊರಬಂದಿತು. ಮೊಳೆ ಮುರಿದಿರಲಿಲ್ಲ, ಬಾಗಿಯೂ ಇರಲಿಲ್ಲ. ಇದರ ಕಾರಣವನ್ನು ಓದಿಯೂ, ಬಲ್ಲವರನ್ನು ಕೇಳಿಯೂ ತಿಳಿದಷ್ಟನ್ನು ವಾಚಕರಲ್ಲಿ ಅರಿಕೆ ಮಾಡುತ್ತೇನೆ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ತೊಡೆ ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಐದು ಗೂಟಗಳ ಆಸರೆಯಿಂದ ಅಲುಗದಂತೆ ಕಟ್ಟುವ ಕಪಾಟಶಯನವೆಂಬ ವಿಧಿಯುಂಟು. ಅಲ್ಲಿ ಗೂಟಗಳು ಶರೀರದ ಹೊರಗೆ. ಬಾಸ್ಟನ್ ನಗರದ ಸ್ಮಿತ್-ಪೀಟರ್ಸನ್ ಎಂಬ ವೈದ್ಯರು 1925ರಲ್ಲಿ ಮೂರು ಅಲಗಿನ ಮೊಳೆಯೊಂದನ್ನು ತೊಡೆಮೂಳೆಯ ಕುತ್ತಿಗೆಯೊಳಕ್ಕೇ ಹೊಡೆದರು. ರೋಗಿಯು ತಿಂಗಳುಗಟ್ಟಲೆ ಮಲಗಿ ಸವೆಯುವ ಕಷ್ಟವು ಕ್ರಮೇಣ ತಪ್ಪಿತು.

ಆದರೆ ಮೊಳೆಗೆ ಹಿಡಿತ ಕೊಡತಕ್ಕದ್ದು ಮೂಳೆಯಲ್ಲವೆ? ತೊಡೆಮೂಳೆಯ ತಲೆಯ ಒಳಭಾಗವು ಜೇನುಹಟ್ಟಿನಂತಿರುವುದು. ವೃದ್ಧಾಪ್ಯದಲ್ಲಿ, ವಿಶೇಷವಾಗಿ ಮುಟ್ಟು ನಿಂತ ಸ್ತ್ರೀಯರಲ್ಲಿ, ಆ ಗೂಡಿನ ಗೋಡೆಗಳು ತೆಳುವಾಗುತ್ತವೆ. ಗೆದ್ದಲು ತಿಂದ ಚೌಕಟ್ಟಿಗೆ ಎಷ್ಟು ದಪ್ಪನೆಯ ಮೊಳೆ ಹೊಡೆದರೇನು? (ದಪ್ಪನೆಯದನ್ನೇ ಹಾಕಬಾರದಿತ್ತೆ ಎಂದು ನಾನೂ ಕೇಳಿದವನೇ.)

ಮೊದಲನೆಯ ಉಪಾಯಕ್ಕೆ ಖರ್ಚೇ ಇಲ್ಲ. ಮೊಳೆಯ ತುದಿಯನ್ನು ತಕ್ಕ ಸ್ಥಾನದಲ್ಲಿ ನಿಲ್ಲಿಸುವುದು. ಎದುರಿನಿಂದಲೂ ಪಕ್ಕದಿಂದಲೂ ತೆಗೆದ ಎರಡು ಎಕ್ಸ್-ರೇ ಚಿತ್ರಗಳಲ್ಲಿ, ಮೊಳೆಯ ತುದಿಯಿಂದ ಮೂಳೆತಲೆಯ ಶಿಖರದವರೆಗಿನ ದೂರವನ್ನಳೆದು ಕೂಡಿಸುತ್ತಾರೆ. ಅಮೆರಿಕದ ಬೌಮ್‌ಗಾರ್ಟ್ನರ್ ಮತ್ತು ಸಹೋದ್ಯೋಗಿಗಳು 1995ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಈ ಮೊತ್ತವು 25 ಮಿಲಿಮೀಟರನ್ನು ಮೀರದಿದ್ದ ಮೊಳೆಗಳಲ್ಲಿ ಒಂದೂ ಸೀಳಿಕೊಂಡು ಬರಲಿಲ್ಲ.

ತಿರುಪಿಗೆ ಬದಲು ಸುರುಳಿಯಲಗನ್ನು ಹೊಡೆಯುವುದೂ ಉಂಟು. ಅದು ಮೂಳೆಯನ್ನು ಕೊರೆದು ತೆಗೆಯದೆ ಸುತ್ತಲೂ ಒತ್ತಿ ಗಟ್ಟಿಮಾಡುತ್ತದೆ. ಅಲಗಿನ ರಂಧ್ರಗಳ ಮೂಲಕ ಒಂದು ಚಹಾಚಮಚದಷ್ಟು ಸಿಮೆಂಟನ್ನು ಹೊಗಿಸಿದರೆ ಹಿಡಿತವು ಇನ್ನೂ ಹೆಚ್ಚುವುದು. ಇದು ಮನೆ ಕಟ್ಟುವ ಸಿಮೆಂಟಲ್ಲ. ಕಟ್ಟಿಸಿದ ಹಲ್ಲಿನ ವಸಡಿಗೆ ಬಳಸುವ ಜಾತಿಯ ಪದಾರ್ಥ. ಮೂಳೆತಲೆಯಲ್ಲಿ ತೂತು ಬಿದ್ದಿದ್ದರೆ ಅದು ಸಂಧಿಯೊಳಕ್ಕೆ ಸೋರುವ ಭಯವಿರುವುದರಿಂದ, ಮೊದಲು ಎಕ್ಸ್-ರೇಯಲ್ಲಿ ಕಾಣುವ ದ್ರವವನ್ನು ಬಿಟ್ಟು ಪರೀಕ್ಷಿಸುತ್ತಾರೆ. ಎಲ್ಲರಿಗೂ ಇದರ ಅವಶ್ಯವಿಲ್ಲ.

ಅಕ್ಕನವರಿಗೆ ಮೊದಲು ಚಿಕಿತ್ಸೆ ನಡೆದಲ್ಲಿ ಮೂಳೆಯ ದೌರ್ಬಲ್ಯಕ್ಕೆ ಮದ್ದುಂಟೆಂದು ಯಾರೂ ಹೇಳಲಿಲ್ಲ. ನನ್ನ ಕೊರಗು ಇದೊಂದೇ. ಸೊಂಟ ಮುರಿದವರಿಗೆ ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಜೋಲೆಡ್ರಾನಿಕ್ ಆಮ್ಲವನ್ನು ಕೊಟ್ಟರೆ ಹೊಸ ಮುರಿತಗಳೂ ಮರಣಗಳೂ ಕಡಿಮೆಯಾಗುವುವೆಂದು 2007ರಲ್ಲಿಯೇ ಪ್ರಕಟವಾಗಿತ್ತು. ಮೂತ್ರಪಿಂಡಗಳು ಮಾತ್ರ ಸರಿಯಾಗಿರತಕ್ಕದ್ದು.

ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಕೃತಕ ಸಂಧಿಯನ್ನಿಟ್ಟರು. ಈಗ ಅಕ್ಕನವರು ಕೋಲೂರಿಕೊಂಡು ತುಲಸಿಕಟ್ಟೆಯವರೆಗೆ ನಡೆಯುತ್ತಾರೆ. ಮೊದಲನೆಯ ಮದ್ದು ಮಾರ್ಗಶಿರದಲ್ಲಾಯಿತು. ಎರಡನೆಯದು ಬರುವ ಮಾರ್ಗಶಿರಕ್ಕೆ.