ಮರಿ ಹಾಕುವ ಮೀನುಗಳೂ ನಮ್ಮ ಗಡಸು ನೀರೂ

ಜೀವರಾಶಿಯನ್ನು ನಮ್ಮ ಪೂರ್ವಿಕರು ಹುಟ್ಟುವ ಬಗೆಯನ್ನು ನೋಡಿ ನಾಲ್ಕು ಪಾಲು ಮಾಡಿದರು. ತಾಯಿಯ ಗರ್ಭದಿಂದ ಬಂದದ್ದು ಜರಾಯುಜ. ಮೊಟ್ಟೆಯಿಂದ ಬಂದದ್ದು ಅಂಡಜ. ಬೆವರು ಕೊಳೆಗಳಿಂದ ಹುಟ್ಟಿತೆಂದು ಅವರು ತಿಳಿದದ್ದು ಸ್ವೇದಜ. ನೆಲವನ್ನು ಸೀಳಿಕೊಂಡು ಬಂದದ್ದು ಉದ್ಭಿಜ್ಜ. ಈ ಲೆಕ್ಕದಲ್ಲಿ ಮೀನು ಅಂಡಜ, ಹಕ್ಕಿ ಹಾವುಗಳ ಪಂಕ್ತಿಯದು. ಆದರೆ ಬಣ್ಣದ ಮೀನಿನ ಅಂಗಡಿಗಳಲ್ಲಿ ಚೀಲದೊಳಗೆ ನೀರು ತುಂಬಿ ಜೋಡಿಯ ಲೆಕ್ಕದಲ್ಲಿ ಮಾರುವ ಪುಟ್ಟ ಮೀನುಗಳಲ್ಲಿ ಕೆಲವು ಹೊರಗೆ ಮೊಟ್ಟೆಯಿಡುವುದೇ ಇಲ್ಲ. ಈಜಬಲ್ಲ ಮರಿಗಳನ್ನೇ ಹಾಕುತ್ತವೆ. ಗಪ್ಪಿ, ಪ್ಲಾಟಿ, ಮಾಲಿ, ಸ್ವೋರ್ಡ್‌ಟೇಲ್ ಎಂಬ ನಾಲ್ಕು ಇವುಗಳಲ್ಲಿ ಮುಖ್ಯವಾದವು. ಕೊನೆಯದನ್ನು ಕತ್ತಿಬಾಲದ ಮೀನು ಎನ್ನೋಣ. ಅದರ ಗಂಡಿನ ಬಾಲದ ಕೆಳತುದಿ ಕತ್ತಿಯಂತೆ ಚಾಚಿರುತ್ತದೆ.

ಹಾಗಾದರೆ ಹಳೆಯ ವಿಭಾಗ ತಪ್ಪೆ? ಪೂರ್ಣ ತಪ್ಪೆನ್ನಲಾಗದು. ಈ ಮೀನಿನಲ್ಲಿಯೂ ಮೊಟ್ಟೆಯುಂಟು. ಆದರೆ ಅದು ತಾಯಿಯ ಒಡಲೊಳಗೇ ಬೆಳೆದು, ಅಲ್ಲಿಯೇ ಒಡೆದು, ಮರಿ ಹೊರಗೆ ಬರುತ್ತದೆ. ಒಡಲಲ್ಲಿರುವಾಗ ಮರಿಗೆ ಬೇಕಾದ ಆಹಾರ ಬಹುಮಟ್ಟಿಗೆ ಮೊಟ್ಟೆಯ ಭಂಡಾರದಿಂದಲೇ ಒದಗುತ್ತದೆ. ಅಂಡಜಕ್ಕೂ ಜರಾಯುಜಕ್ಕೂ ನಡುವಣ ಮೆಟ್ಟಿಲಲ್ಲಿ ನಿಂತ ಪ್ರಾಣಿ ಇದು.

ಇವೆಲ್ಲವೂ ನಮಗೆ ಪರದೇಶದವು. ಪ್ಲಾಟಿ, ಮಾಲಿ, ಕತ್ತಿಬಾಲಗಳ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಗಪ್ಪಿಯದು ವೆನೆಜುವೆಲಾ, ಟ್ರಿನಿಡಾಡ್‌ಗಳ ತೊರೆಗಳು. ಗಪ್ಪಿಗೆ ೧೮೫೯ರಲ್ಲಿ ಜರ್ಮನಿಯ ಪೀಟರ್ಸ್ ಎಂಬ ವಿದ್ವಾಂಸನು ಇಟ್ಟ ಶಾಸ್ತ್ರೀಯ ನಾಮ ಪೊಯಿಸಿಲಿಯ ರೆಟಿಕ್ಯುಲೇಟ. ಲ್ಯಾಟಿನ್ ಭಾಷೆಯಲ್ಲಿ ರೆಟಿಕ್ಯುಲೇಟ ಎಂದರೆ ಬಲೆಯ ಹೆಣಿಗೆಯುಳ್ಳದ್ದು. ಮೈಮೇಲಿನ ಹುರುಪೆಗಳ ಅಂಚು ಬಲೆಯಂತೆ ಕಾಣುವುದರಿಂದ ಹೆಸರು ಒಪ್ಪುತ್ತದೆ. ಬಳಕೆಯ ಹೆಸರು ಬಂದದ್ದು ಟ್ರಿನಿಡಾಡಿನಲ್ಲಿದ್ದ ರಾಬರ್ಟ್ ಜಾನ್ ಲೆಚ್‌ಮಿಯರ್ ಗಪ್ಪಿ ಎಂಬವರಿಂದ. ಅವರು ಲಂಡನ್ನಿಗೆ ಕಳುಹಿಸಿದ ಮೀನುಗಳನ್ನು ನೋಡಿ ೧೮೬೬ರಲ್ಲಿ ಗುಂಥರ್ ಎಂಬ ಪಂಡಿತನು ಅವರ ಹೆಸರನ್ನು ಮೀನಿಗಿಟ್ಟನು. ಈ ಗಪ್ಪಿಯವರು ಮುಂದೆ ಅಲ್ಲಿಯ ಶಾಲೆಗಳ ಮೇಲ್ವಿಚಾರಕರಾಗಿದ್ದರೆಂಬುದು ನಮ್ಮಂಥ ಉಪಾಧ್ಯಾಯರಿಗೆ ಸಂತೋಷದ ಸಂಗತಿ.

ಇಷ್ಟು ದೂರದಿಂದ ಬಂದ ಅತಿಥಿಗಳಿಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನೀರು ಹಿಡಿಸೀತೆ ಎಂದು ಕೇಳಬಹುದು. ಉತ್ತರ ವಿಚಿತ್ರವಾಗಿದೆ. ನಮಗೆ ಹಿಡಿಸದ ನೀರೇ ಅವಕ್ಕೆ ಹಿಡಿಸುತ್ತದೆ. ಬಾವಿಗಳು ಬತ್ತಿ, ಸಾವಿರ ಅಡಿ ದಾಟಿದ ಕೊಳವೆ ಬಾವಿಗಳಿಂದ ನೀರೆತ್ತುವ ಸೀಮೆ ನಮ್ಮದು. ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರು ಸುಣ್ಣ, ಮೆಗ್ನೀಸಿಯಮ್ ಮೊದಲಾದ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಅದರಲ್ಲಿ ಸಾಬೂನು ನೊರೆ ಬರದು, ತೊಗರಿಬೇಳೆ ಬೇಗ ಬೇಯದು, ಹಂಡೆಯ ಒಳಗೆ ಬಿಳಿಯ ಹೆಪ್ಪಳಿಕೆ ಕಟ್ಟುತ್ತದೆ. ಗೃಹಿಣಿಯರಿಗೆ ಇದು ನಿತ್ಯದ ಗೋಳು. ಆದರೆ ಮರಿ ಹಾಕುವ ಮೀನುಗಳ ಮೈ ಇಂಥ ಲವಣಯುಕ್ತವಾದ, ಸ್ವಲ್ಪ ಕ್ಷಾರಗುಣದ ನೀರಿಗೇ ಹೊಂದಿಕೊಂಡಿದೆ. ಮೆದು ನೀರಿನಲ್ಲಿಟ್ಟರೆ ಮಾಲಿ ಮೀನು ನಿಂತಲ್ಲಿಯೇ ಮೈ ನಡುಗಿಸುತ್ತ ಸೊರಗುವುದುಂಟು.

ಆದ್ದರಿಂದ ಒಂದು ಎಚ್ಚರಿಕೆ. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನಿನಲ್ಲಿ ತರುವ ನೀರನ್ನು ಪ್ರೀತಿಯಿಂದ ಮೀನಿಗೆ ಸುರಿಯಬಾರದು. ಆ ಯಂತ್ರ ಲವಣಗಳನ್ನು ತೆಗೆದುಹಾಕಿರುತ್ತದೆ. ನಮಗೆ ಹಿತವಾದದ್ದು ಮೀನಿಗೆ ಅಹಿತ. ನಲ್ಲಿಯ ನೀರೇ ಸಾಕು. ಪುರಸಭೆಯವರು ಕ್ಲೋರಿನ್ ಬೆರೆಸಿದ ನೀರಾದರೆ ಅಗಲವಾದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಬಳಸಬೇಕು. ಕೊಳವೆ ಬಾವಿಯಿಂದ ಆಗತಾನೆ ಎತ್ತಿದ ನೀರಿನಲ್ಲಿ ಪ್ರಾಣವಾಯು ಕಡಿಮೆ. ಅದನ್ನು ಕಾಫಿ ಆರಿಸುವಂತೆ ಒಂದು ಬಕೀಟಿನಿಂದ ಇನ್ನೊಂದಕ್ಕೆ ಕೆಲವು ಬಾರಿ ಎತ್ತಿ ಸುರಿದು, ತಣಿಯಲು ಬಿಡಬೇಕು.

ಇನ್ನು ತೊಟ್ಟಿಯ ವಿಚಾರ. ಮೇಜಿನ ಮೇಲಿಡುವ ಗುಂಡು ಗಾಜಿನ ಬುರುಡೆ ನೋಡಲು ಚೆನ್ನ, ಬಾಳಲು ಕೆಟ್ಟದ್ದು. ಅದರಲ್ಲಿ ನೀರು ಅಲ್ಪ. ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ಸಂಸಾರವಂದಿಗರಿಗೆ ತಕ್ಕದ್ದು. ಅದು ಸುಮಾರು ೫೦ ಲೀಟರು ಹಿಡಿಯುತ್ತದೆ. ನೀರೊಂದೇ ೫೦ ಕಿಲೋ ತೂಗುವುದರಿಂದ ಅಲುಗಾಡದ ಗಟ್ಟಿ ಮೇಜು ಬೇಕು. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಪಾಚಿ ಹಸುರುಗಟ್ಟುತ್ತದೆ. ಮೇಲೆ ಮುಚ್ಚಳವಿರಲಿ, ಕತ್ತಿಬಾಲ ಹಾರುವುದರಲ್ಲಿ ನಿಸ್ಸೀಮ. ನೀರಿನ ಶಾಖ ೨೨ರಿಂದ ೨೮ ಡಿಗ್ರಿ ಸೆಲ್ಸಿಯಸ್ ಇದ್ದರೆ ಇವಕ್ಕೆ ಸುಖ. ನಮ್ಮ ಬೇಸಿಗೆಗೆ ತೊಂದರೆಯಿಲ್ಲ. ಮಾಗಿಯ ರಾತ್ರಿಗಳಲ್ಲಿ ಮಾತ್ರ ಪುಟ್ಟ ವಿದ್ಯುತ್ ಹೀಟರೊಂದಿದ್ದರೆ ಒಳ್ಳೆಯದು.

ತೊಟ್ಟಿಗೆ ನೀರು ತುಂಬಿದ ದಿನವೇ ಇಪ್ಪತ್ತು ಮೀನು ತಂದು ಬಿಡುವುದು, ವಾರದೊಳಗೆ ಒಂದೊಂದಾಗಿ ಸತ್ತು ಮಕ್ಕಳು ಅಳುವುದು, ತೊಟ್ಟಿ ಅಟ್ಟ ಸೇರುವುದು: ಇದು ಎಷ್ಟೋ ಮನೆಗಳ ಕಥೆ. ಇದಕ್ಕೆ ಕಾರಣ ಕಣ್ಣಿಗೆ ಕಾಣದ್ದು. ಮೀನಿನ ಮಲಿನದಿಂದ ಅಮೋನಿಯ ಎಂಬ ವಿಷ ಹುಟ್ಟುತ್ತದೆ. ಒಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಈ ಸೂಕ್ಷ್ಮಜೀವಿಗಳು ಮರಳಿನಲ್ಲಿಯೂ ಸೋಸುಕದ ಸ್ಪಂಜಿನಲ್ಲಿಯೂ ನೆಲೆಯೂರಿ ಹೆಚ್ಚಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹೆಪ್ಪು ಹಾಕದೆ ಮೊಸರಾಗದು, ಹಾಗೆಯೇ ಇದು. ಆದುದರಿಂದ ಮೊದಲು ಎರಡು ಮೂರು ಮೀನುಗಳನ್ನು ಮಾತ್ರ ಬಿಟ್ಟು, ಆ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ನೀರು ಬದಲಿಸುತ್ತ, ತಿಂಗಳು ಕಳೆದ ಮೇಲೆ ಮೆಲ್ಲಗೆ ಹತ್ತು ಹನ್ನೆರಡಕ್ಕೆ ಏರಿಸುವುದು ಕ್ರಮ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ತೆಗೆದು ಹೊಸದನ್ನು ಹಾಕಿದರೆ ಸಾಕು. ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ ಉಜ್ಜಿ ತೊಳೆಯುವುದು ಶುಚಿತ್ವವಲ್ಲ, ಕಷ್ಟಪಟ್ಟು ಕೂಡಿಸಿದ ಹೆಪ್ಪನ್ನು ಚೆಲ್ಲಿದಂತೆ. ಸ್ಪಂಜನ್ನು ಕೂಡ ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು. ಆ ಹಳೆಯ ನೀರು ಗುಲಾಬಿ ಗಿಡಕ್ಕೆ ಒಳ್ಳೆಯ ಗೊಬ್ಬರ.

ಆಹಾರ ಕೊಡುವುದು ಮಕ್ಕಳ ಪಾಲಿನ ಸಂತೋಷ. ಅಳತೆ ಹಿರಿಯರ ಕೈಯಲ್ಲಿರಲಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಎರಡು ಸಲ. ಉಳಿದು ಕೊಳೆತ ಆಹಾರ ನೀರನ್ನು ಕೆಡಿಸುತ್ತದೆ. ಹಸಿವಿನಿಂದ ಸಾಯುವ ಮೀನಿಗಿಂತ ಹೆಚ್ಚು ಉಪಚಾರದಿಂದ ಸಾಯುವ ಮೀನೇ ಬಹಳ.

ದೊಡ್ಡದು ಚಿಕ್ಕದನ್ನು ನುಂಗುವುದಕ್ಕೆ ನಮ್ಮ ಹಿರಿಯರು ಮತ್ಸ್ಯನ್ಯಾಯವೆಂದೇ ಹೆಸರಿಟ್ಟರು. ಈ ನಾಲ್ಕು ಜಾತಿಗಳು ಆ ಅಪಖ್ಯಾತಿಗೆ ಬಹುಮಟ್ಟಿಗೆ ಹೊರತು. ಗಪ್ಪಿಯ ಗಂಡು ಹೆಬ್ಬೆರಳ ತುದಿಯಷ್ಟು, ಸುಮಾರು ೩ ಸೆಂಟಿಮೀಟರು. ಒಂದೇ ತೊಟ್ಟಿಯಲ್ಲಿ ಪ್ಲಾಟಿಯೊಡನೆ, ಮಾಲಿಯೊಡನೆ ಹೊಂದಿಕೊಂಡಿರುತ್ತದೆ. ಆದರೆ ನೆರೆಹೊರೆಯನ್ನು ಆರಿಸುವವರು ನಾವು. ಏಂಜೆಲ್ ಮೀನು ಬೆಳೆದರೆ ಗಪ್ಪಿಯನ್ನು ನುಂಗೀತು. ಟೈಗರ್ ಬಾರ್ಬ್ ಉದ್ದ ಬಾಲಗಳನ್ನು ಕಚ್ಚುತ್ತದೆ. ಕಾಳಗದ ಮೀನಾದ ಬೆಟ್ಟಾ ಗಪ್ಪಿಯ ಬಾಲ ಕಂಡು ಕೆರಳುವುದುಂಟು. ಚಿನ್ನದ ಮೀನಿಗೆ ತಣ್ಣನೆಯ ನೀರು, ದೊಡ್ಡ ಮನೆ ಬೇಕು. ಇವನ್ನು ಜೊತೆಗೆ ಸೇರಿಸಬಾರದು.

ಗಂಡು ಹೆಣ್ಣುಗಳನ್ನು ಗುರುತಿಸುವುದು ಸುಲಭ. ಹೊಟ್ಟೆಯ ಕೆಳಗಿನ ಹಿಂಭಾಗದ ಈಜುರೆಕ್ಕೆ ಹೆಣ್ಣಿಗೆ ಬೀಸಣಿಗೆಯಂತೆ, ಗಂಡಿಗೆ ಕಡ್ಡಿಯಂತೆ ಇರುತ್ತದೆ. ಗಂಡು ಸದಾ ಹೆಣ್ಣಿನ ಬೆನ್ನಟ್ಟುವುದರಿಂದ ಒಂದು ಗಂಡಿಗೆ ಎರಡು ಮೂರು ಹೆಣ್ಣಿರುವುದು ಹಿತ. ಬಸುರಿಯ ಹೊಟ್ಟೆಯ ಹಿಂದೆ ಕಪ್ಪು ಮಚ್ಚೆ ದಟ್ಟವಾಗುತ್ತ ಬಂದು, ಸುಮಾರು ನಾಲ್ಕು ವಾರಕ್ಕೆ ಹೆರಿಗೆಯಾಗುತ್ತದೆ. ಗಪ್ಪಿ ಒಂದು ಸೂಲಿಗೆ ಇಪ್ಪತ್ತು ಮೂವತ್ತು ಮರಿ ಹಾಕುವುದು ಸಾಮಾನ್ಯ. ದೊಡ್ಡ ಕತ್ತಿಬಾಲ ನೂರನ್ನು ದಾಟುವುದೂ ಉಂಟು. ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ಅದರ ಬೀಜವನ್ನು ಒಡಲಲ್ಲಿ ಕಾದಿಟ್ಟು, ತಿಂಗಳುಗಟ್ಟಲೆ ಸೂಲಿನ ಮೇಲೆ ಸೂಲು ಹೆರಬಲ್ಲದು.

ಹಕ್ಕಿ ಸ್ಪರ್ಶದಿಂದಲೂ ಆಮೆ ಸ್ಮರಣೆಯಿಂದಲೂ ಮೀನು ನೋಟದಿಂದಲೂ ಮರಿಗಳನ್ನು ಪೊರೆಯುತ್ತವೆಂಬ ಹಳೆಯ ಮಾತನ್ನು ಗುರುವಿನ ಕೃಪೆಗೆ ಹೋಲಿಕೆಯಾಗಿ ಹೇಳುವುದುಂಟು. ಗಪ್ಪಿ ತಾಯಿಯ ನೋಟವನ್ನು ಮಾತ್ರ ನಂಬುವಂತಿಲ್ಲ. ಹಸಿದರೆ ತಾನು ಹೆತ್ತುದನ್ನೇ ತಿಂದುಬಿಡುತ್ತದೆ. ಹೈಡ್ರಿಲ್ಲಾದಂಥ ನೀರುಗಿಡವನ್ನು ದಟ್ಟವಾಗಿ ಬೆಳೆಸಿದರೆ ಮರಿಗಳು ಅಡಗಿ ಬದುಕುತ್ತವೆ.

ಇಲ್ಲಿಂದಲೇ ಈ ವಿಷಯದ ಗಂಭೀರ ಭಾಗ ಮೊದಲಾಗುತ್ತದೆ. ಆರು ತಿಂಗಳಲ್ಲಿ ನಾಲ್ಕು ಮೀನು ನೂರಾದರೆ ಏನು ಮಾಡುವುದು? ಕೊಲ್ಲಲು ಮನಸ್ಸು ಬಾರದು. ಕೆರೆಗೆ ಬಿಟ್ಟರೆ ಪುಣ್ಯವೆಂದು ತೋರುತ್ತದೆ. ಆದರೆ ಹಾಗೆ ಮಾಡಬಾರದು.

ಈ ಮೀನುಗಳನ್ನು ನೀರಿಗೆ ಬಿಟ್ಟು ಉಪಕಾರವಾದ ಉದಾಹರಣೆ ನಮ್ಮ ಜಿಲ್ಲೆಯಲ್ಲಿಯೇ ಇದೆಯಲ್ಲ ಎನ್ನಬಹುದು. ನಿಜ. ಇವುಗಳ ಸೋದರಸಂಬಂಧಿ ಗಂಬೂಸಿಯ ಮೀನನ್ನು ಸೊಳ್ಳೆಮರಿ ತಿನ್ನಲೆಂದು ೧೯೨೮ರಲ್ಲಿ ಇಟಲಿಯಿಂದ ಭಾರತಕ್ಕೆ ತಂದರು. ೧೯೯೦ರ ದಶಕದಲ್ಲಿ ಮಲೇರಿಯಾ ಸಂಶೋಧನ ಕೇಂದ್ರದವರು ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಸುತ್ತಣ ಹಳ್ಳಿಗಳ ಬಾವಿಗಳಿಗೆ ಗಪ್ಪಿಯನ್ನೂ ಕುಂಟೆಗಳಿಗೆ ಗಂಬೂಸಿಯವನ್ನೂ ಬಿಟ್ಟರು. ರೇಷ್ಮೆಯ ಸೀಮೆಯಾದ್ದರಿಂದ ಹುಳು ಸತ್ತೀತೆಂದು ರೈತರು ಮನೆಗಳಿಗೆ ಕೀಟನಾಶಕ ಹೊಡೆಯಗೊಡುತ್ತಿರಲಿಲ್ಲ. ಮೀನೇ ಆ ಕೆಲಸವನ್ನು ಮಾಡಿತು, ಕೆಲವು ವರ್ಷಗಳಲ್ಲಿ ಅಲ್ಲಿ ಮಲೇರಿಯಾ ಅಡಗಿತು. ಇದು ಸಣ್ಣ ಉಪಕಾರವಲ್ಲ. ಆದರೆ ಅದು ರೋಗವನ್ನು ಅರಿತವರು ಜಾಗವನ್ನು ನೋಡಿ, ಲೆಕ್ಕವಿಟ್ಟು ಮಾಡಿದ ಕಾರ್ಯ. ಬೇಡವಾದದ್ದನ್ನು ಚೆಲ್ಲಿ ಕೈ ತೊಳೆದುಕೊಂಡದ್ದಲ್ಲ.

ಕೆರೆಯ ಮಾತು ಬೇರೆ. ನಮ್ಮ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಸೇರಿದವು. ಮೇಲಿನದರ ಕೋಡಿ ಕೆಳಗಿನದರ ಒಳಹರಿವು. ೨೦೧೮ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬಂದು ಬತ್ತಿದ್ದ ಅನೇಕ ಕೆರೆಗಳು ತುಂಬಿವೆ. ೨೦೨೧ರ ಕೊನೆಯ ಮಳೆಗೆ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಒಂದು ಕೆರೆಗೆ ಬಿಟ್ಟ ಬಸುರಿ ಗಪ್ಪಿ ಒಂದೇ ಆದರೂ ಅದರ ಸಂತಾನ ಹತ್ತು ಕೆರೆಗೆ ಇಳಿಯಬಹುದು. ತೊಟ್ಟಿಯಲ್ಲಿ ಸಾಧುವಾದ ಈ ಮೀನು ಅಲ್ಲಿ ಸಾಧುವಲ್ಲ. ನಾಡಮೀನಿನ ಎಳೆಮರಿಗಳನ್ನೂ ಕಪ್ಪೆಯ ಮೊಟ್ಟೆಗಳನ್ನೂ ತಿನ್ನುತ್ತದೆ, ಆಹಾರಕ್ಕೆ ಪೈಪೋಟಿ ಹೂಡುತ್ತದೆ. ತಲೆಯ ಮೇಲೆ ಬೆಳ್ಳಿಯ ಚುಕ್ಕೆಯಿಟ್ಟುಕೊಂಡು ನೀರಿನ ಮೇಲ್ಮೈಯಲ್ಲಿಯೇ ಸುಳಿಯುವ ನಮ್ಮದೇ ಪುಟ್ಟ ಮೀನೊಂದುಂಟು. ಅದೂ ಸೊಳ್ಳೆಮರಿಗಳನ್ನು ತಿನ್ನುವಂಥದೇ. ಅತಿಥಿಗೆಂದು ಮನೆಯ ಮಗುವನ್ನು ಹೊರಗೆ ಹಾಕುವುದು ಯಾವ ನ್ಯಾಯ?

ಪರಿಹಾರ ಕಷ್ಟವಲ್ಲ. ಮರಿ ಬೇಡವೆನ್ನುವವರು ಗಂಡುಗಳನ್ನು ಮಾತ್ರ ಸಾಕಬಹುದು. ಗಪ್ಪಿಯಲ್ಲಿ ಹೆಚ್ಚಿನ ಬಣ್ಣವೆಲ್ಲ ಗಂಡಿಗೇ ಸೇರಿದೆ, ಚೆಲುವಿಗೇನೂ ಕೊರತೆಯಾಗದು. ಮರಿ ನೋಡುವ ಆಸೆಯುಳ್ಳವರು ಒಂದೆರಡು ತಿಂಗಳಾಗುತ್ತಲೇ ಗಂಡು ಹೆಣ್ಣುಗಳನ್ನು ಬೇರ್ಪಡಿಸಲಿ. ಮಿಕ್ಕವನ್ನು ನೆರೆಮನೆಗೆ, ಮಕ್ಕಳ ಶಾಲೆಗೆ ಕೊಡಬಹುದು. ಅಂಗಡಿಯವರೂ ಹಿಂದಕ್ಕೆ ಪಡೆಯುವುದುಂಟು. ಮೀನಿನೊಡನೆ ಒಂದು ಬಾಟಲಿ ತೊಟ್ಟಿಯ ನೀರನ್ನೂ, ಹಿಂಡದ ಹಳೆಯ ಸ್ಪಂಜಿನ ಒಂದು ತುಂಡನ್ನೂ ಕೊಟ್ಟರೆ ಆ ಮನೆಯ ಹೊಸ ತೊಟ್ಟಿಗೆ ಹೆಪ್ಪು ಹಾಕಿದಂತಾಗುತ್ತದೆ.