ಜಿದ್ದಿಗೆ ಬಿದ್ದ ಊರಹಬ್ಬ

ಮಾಲ್ಟಾ ದ್ವೀಪದ ದಕ್ಷಿಣ ಭಾಗದಲ್ಲಿ ಇಮ್‌ಅಬ್ಬಾ ಎಂಬ ಸಣ್ಣ ಊರಿದೆ. ಸುತ್ತ ಸುಣ್ಣಕಲ್ಲಿನ ಕ್ವಾರಿಗಳು, ನಡುವೆ ಮೂರೂವರೆ ಸಾವಿರದಷ್ಟು ಜನ. ಇಷ್ಟು ಚಿಕ್ಕ ಊರಿನಲ್ಲಿ ಮರಿಯಮ್ಮನಿಗೆ ವರ್ಷಕ್ಕೆ ಎರಡು ದೊಡ್ಡ ಹಬ್ಬ. ಆಗಸ್ಟ್ 15ಕ್ಕೆ ಸ್ವರ್ಗಾರೋಹಣದ ಮರಿಯಮ್ಮ. ಊರಿನ ಚರ್ಚು ಇರುವುದೇ ಅವಳ ಹೆಸರಿನಲ್ಲಿ. ಜೂನ್‌ನ ಮೂರನೇ ಭಾನುವಾರ ಲಿಲ್ಲಿ ಹೂವಿನ ಮರಿಯಮ್ಮ. ಪಾದ್ರಿಯನ್ನು ಕೇಳಿದರೆ ಇಬ್ಬರೂ ಒಬ್ಬಳೇ ಎನ್ನುತ್ತಾರೆ. ಊರಿನವರ ಹತ್ತಿರ ಆ ಮಾತು ನಡೆಯುವುದಿಲ್ಲ. ಆಗಸ್ಟಿನವರಿಗೆ ಒಂದು ಬ್ಯಾಂಡು, ಒಂದು ಕ್ಲಬ್ಬು, ಒಂದು ಸಿಡಿಮದ್ದಿನ ಕಾರ್ಖಾನೆ. ಜೂನಿನವರಿಗೂ ಅಷ್ಟೇ, ಒಂದೂ ಕಡಿಮೆಯಿಲ್ಲ. 2007ರಲ್ಲಿ ಆಗಸ್ಟಿನವರು ರೋಮ್‌ಗೆ ಹೋಗಿ ಅಂತರರಾಷ್ಟ್ರೀಯ ಸಿಡಿಮದ್ದು ಸ್ಪರ್ಧೆ ಗೆದ್ದು ಬಂದರು. ಜೂನಿನವರು ಸುಮ್ಮನಿರುತ್ತಾರೆಯೇ? ದೀಪಾವಳಿಯಲ್ಲಿ ನಾವು ಅಂಗಳದಲ್ಲಿ ತಿರುಗಿಸುವ ನೆಲಚಕ್ರವನ್ನು ಎಬ್ಬಿಸಿ ನೆಟ್ಟಗೆ ನಿಲ್ಲಿಸಿದಂತೆ, 32 ಮೀಟರ್ ಅಡ್ಡಳತೆಯ ಬೆಂಕಿಚಕ್ರವೊಂದನ್ನು ಕಟ್ಟಿ, 2011ರ ಜೂನ್ 18ರಂದು ಅದನ್ನು ತಿರುಗಿಸಿ ಗಿನ್ನೆಸ್ ದಾಖಲೆಗೆ ಸೇರಿಸಿದರು. ಸುಮಾರು ಹತ್ತು ಮಹಡಿಯ ಎತ್ತರ.

ಮಾಲ್ಟೀಸ್ ಭಾಷೆಯಲ್ಲಿ ಇದಕ್ಕೆ ‘ಪೀಕಾ’ ಎನ್ನುತ್ತಾರೆ. ನಮ್ಮ ‘ಜಿದ್ದು’ ಅದಕ್ಕೆ ಸರಿಯಾಗಿ ಕೂರುವ ಪದ. ಮಾಲ್ಟಾದ ಊರಹಬ್ಬಗಳಲ್ಲಿ ತೇರು ಸಂತನದು, ಎಳೆಯುವುದು ಜಿದ್ದು.

ಹಬ್ಬಕ್ಕೆ ಅವರ ಹೆಸರು ‘ಫೆಸ್ತಾ’. ಮಂಗಳೂರು, ಉಡುಪಿ ಕಡೆಯವರಿಗೆ ಈ ಪದ ಹೊಸದಲ್ಲ. ಕೊಂಕಣಿಗರ ‘ಫೆಸ್ತ್’ ಪೋರ್ಚುಗೀಸರಿಂದ ಬಂತು, ಮಾಲ್ಟಾದವರ ‘ಫೆಸ್ತಾ’ ಇಟಲಿಯಿಂದ ಬಂತು; ಅಜ್ಜಿ ಲ್ಯಾಟಿನ್ ಒಬ್ಬಳೇ. ಆದರೆ ಮಾಲ್ಟೀಸ್ ಭಾಷೆಯ ಬುಡ ಅರಬ್ಬಿಯದು. ಕಟ್ಟಾ ಕ್ಯಾಥೊಲಿಕರಾದ ಇವರು ದೇವರನ್ನು ಕರೆಯುವುದು ‘ಅಲ್ಲಾ’ ಎಂದೇ. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ವ್ರತಕ್ಕೆ ‘ರಂದಾನ್’ ಎನ್ನುತ್ತಾರೆ. ಕಿವಿಗೊಟ್ಟರೆ ರಂಜಾನ್ ಕೇಳಿಸುತ್ತದೆ.

ದ್ವೀಪಕ್ಕೆ ಮೊದಲ ಸಂತ ಬಂದದ್ದು ಹಡಗು ಒಡೆದು. ಕ್ರಿ.ಶ. 60ರ ಸುಮಾರಿಗೆ ಕೈದಿಯಾಗಿ ರೋಮ್‌ಗೆ ಹೊರಟಿದ್ದ ಪೌಲ ಬಿರುಗಾಳಿಗೆ ಸಿಕ್ಕಿ ಇಲ್ಲಿ ದಡ ಸೇರಿದ. ಮಳೆ, ಚಳಿ. ದ್ವೀಪದವರು ಬೆಂಕಿ ಹಾಕಿದರು. ಪೌಲ ಪುಳ್ಳೆ ತಂದು ಬೆಂಕಿಗೆ ಹಾಕುವಾಗ ಅದರೊಳಗಿದ್ದ ಹಾವು ಕೈಗೆ ಸುತ್ತಿಕೊಂಡಿತು. ಇವನು ಕೊಲೆಗಡುಕನೇ ಇರಬೇಕು ಎಂದು ಜನ ಪಿಸುಗುಟ್ಟಿದರು. ಹಾವನ್ನು ಕೊಡವಿ ಏನೂ ಆಗದವನಂತೆ ಅವನು ಕುಳಿತಾಗ ದೇವರೇ ಇರಬೇಕು ಎಂದು ಅದೇ ಜನ ಮಾತು ತಿರುಗಿಸಿದರು. ಬೈಬಲಿನ ಕಥೆ ಇಷ್ಟು. ಊರ ಬಾಯಿ ಇದನ್ನು ಮುಂದುವರಿಸಿದೆ: ಅಂದಿನಿಂದ ಮಾಲ್ಟಾದ ಹಾವುಗಳಲ್ಲಿ ವಿಷವಿಲ್ಲ, ಪೌಲ ಅದನ್ನು ತೆಗೆದು ಜನರ ನಾಲಗೆಗೆ ಹಾಕಿದ! ಹಬ್ಬದ ದಿನಗಳಲ್ಲಿ ಒಂದು ಬಣದವರು ಇನ್ನೊಂದು ಬಣದವರನ್ನು ಆಡಿಕೊಳ್ಳುವುದನ್ನು ಕೇಳಿದವರು ಕಥೆಯ ಈ ಕೊನೆಯ ತುಂಡನ್ನು ಸುಲಭಕ್ಕೆ ಅಲ್ಲಗಳೆಯಲಾರರು.

ಪೌಲನ ಹಬ್ಬ ಫೆಬ್ರವರಿ 10ಕ್ಕೆ, ರಾಜಧಾನಿ ವಲ್ಲೆಟ್ಟಾದಲ್ಲಿ. ಅಂದು ಹೊರಡುವ ಮರದ ವಿಗ್ರಹವನ್ನು ಕೆತ್ತಿದವನು ಮೆಲ್ಕಿಯೋರ್ರೆ ಕಫಾ. ಬಿರ್ಗು ಊರಿನ ಹುಡುಗ, ರೋಮ್‌ಗೆ ಹೋಗಿ ಹೆಸರು ಮಾಡಿ 1667ರಲ್ಲಿ, ಮೂವತ್ತು ದಾಟುತ್ತಿದ್ದಂತೆ ತೀರಿಕೊಂಡವನು. ಬಿರ್ಗುವಿನ ಪಾಲಕ ಸಂತ ಲಾರೆನ್ಸ್. ನಮ್ಮ ಕಾರ್ಕಳದ ಅತ್ತೂರಿನ ಬಸಿಲಿಕಾ ಇರುವುದೂ ಅವನ ಹೆಸರಿನಲ್ಲೇ. ಅತ್ತೂರಿನ ಜಾತ್ರೆ ಜನವರಿಯಲ್ಲಿ, ಬಿರ್ಗುವಿನದು ಆಗಸ್ಟ್ 10ಕ್ಕೆ.

ಫೆಬ್ರವರಿಯ ಪೌಲನನ್ನು ಬಿಟ್ಟರೆ ಹಬ್ಬಗಳಲ್ಲಿ ಹೆಚ್ಚಿನವು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಬೇಸಿಗೆಯಲ್ಲೇ. ಮಾಲ್ಟಾ, ಗೋಜೋ ಸೇರಿಸಿದರೂ ದೇಶದ ವಿಸ್ತೀರ್ಣ 316 ಚದರ ಕಿಲೋಮೀಟರ್. ವಾರಾಂತ್ಯ ಬಂತೆಂದರೆ ಎಲ್ಲೋ ಒಂದು ಕಡೆ ಆಕಾಶ ಢಮಾರ್ ಎನ್ನುತ್ತಿರುತ್ತದೆ.

ತಯಾರಿ ಶುರುವಾಗುವುದು ವಿಗ್ರಹವನ್ನು ಗೂಡಿನಿಂದ ಹೊರತೆಗೆಯುವುದರಿಂದ. ವರ್ಷವಿಡೀ ಚರ್ಚಿನ ಗೋಡೆಯ ಗೂಡಿನಲ್ಲಿರುವ ಸಂತ ಆ ದಿನ ಜನರ ಚಪ್ಪಾಳೆಯ ನಡುವೆ ಕೆಳಗಿಳಿದು ಬರುತ್ತಾನೆ. ಚರ್ಚಿನ ಒಳಗೋಡೆಗಳಿಗೆ ಕೆಂಪು ಜರತಾರಿ ಬಟ್ಟೆ ಏರುತ್ತದೆ, ಬೆಳ್ಳಿ ಸಾಮಾನು ಪೆಟ್ಟಿಗೆಯಿಂದ ಹೊರಬರುತ್ತದೆ. ಬೀದಿಗಳ ಎರಡೂ ಬದಿಗೆ ಮರದ ಪೀಠಗಳ ಮೇಲೆ ಪ್ರವಾದಿಗಳು, ದೇವದೂತರು ನಿಲ್ಲುತ್ತಾರೆ. ನೋಡಲು ಅಮೃತಶಿಲೆ, ತಟ್ಟಿ ನೋಡಿದರೆ ಕಾಗದದ ಮುದ್ದೆ. ಬಾಲ್ಕನಿಗಳಲ್ಲಿ ಬಾವುಟ, ತಲೆಯ ಮೇಲೆ ಬೀದಿಗೆ ಅಡ್ಡಲಾಗಿ ತೂಗುವ ಬಟ್ಟೆಯ ತೋರಣ.

ಬೀದಿಯ ಸಿಂಗಾರವನ್ನೆಲ್ಲ ಮಾಡಿಸುವುದು ಚರ್ಚಲ್ಲ, ಬ್ಯಾಂಡ್ ಕ್ಲಬ್ಬು. 19ನೇ ಶತಮಾನದ ನಡುವಿನಲ್ಲಿ, ಬ್ರಿಟಿಷರ ಆಳ್ವಿಕೆಯ ಕಾಲಕ್ಕೆ, ಊರೂರಲ್ಲಿ ಹಿತ್ತಾಳೆ ವಾದ್ಯಗಳ ಬ್ಯಾಂಡುಗಳು ಹುಟ್ಟಿಕೊಂಡವು. ಬ್ಯಾಂಡಿಗೊಂದು ಕಟ್ಟಡ, ಕಟ್ಟಡದ ಕೆಳಗೊಂದು ಬಾರು, ಬಾರಿನಲ್ಲಿ ವರ್ಷವಿಡೀ ಹಬ್ಬದ್ದೇ ಮಾತು. ಊರಲ್ಲಿ ಎರಡನೇ ಬ್ಯಾಂಡು ಹುಟ್ಟಿತೆಂದರೆ ಜಿದ್ದಿಗೆ ಮನೆ ಸಿಕ್ಕಿದಂತೆ. ಕೆಲವು ಊರುಗಳಲ್ಲಿ ಎರಡನೇ ಬಣ ಇನ್ನೊಬ್ಬ ಸಂತನನ್ನು ಹಿಡಿಯಿತು. ಹಮ್ರೂನ್‌ನಂಥ ಊರಿನಲ್ಲಿ ಎರಡೂ ಬಣ ಒಬ್ಬನೇ ಸಂತ ಗಯೆತಾನೋನ ಹಬ್ಬವನ್ನು ಮಾಡುತ್ತವೆ. ಒಂದಕ್ಕೆ ಕೆಂಪು ಬಣ್ಣ, ಇನ್ನೊಂದಕ್ಕೆ ನೀಲಿ. ಅಲ್ಲಿನ ಬೆಳಗಿನ ಮೆರವಣಿಗೆ ದೇಶಕ್ಕೇ ಹೆಸರುವಾಸಿ. ಬಿಸಿಲು, ಬಿಯರು, ಹೆಗಲ ಮೇಲೆ ಹೆಗಲೇರಿ ಕುಣಿಯುವ ಹುಡುಗರು, ಎದುರು ಬಣದವರ ಮಾನ ಕಳೆಯುವ ಹಾಡುಗಳು. ಸಂತನ ನೆನಪು ಆ ಹೊತ್ತಿನಲ್ಲಿ ಯಾರಿಗಿದೆಯೋ! ಎರಡನೇ ಸಂತನ ಹಬ್ಬ ಪಾಲಕ ಸಂತನ ಹಬ್ಬವನ್ನು ಮೀರಬಾರದು ಎಂದು ಬಿಷಪರ ಕಡೆಯಿಂದ ಕಟ್ಟುಪಾಡುಗಳು ಬಂದವು. ಕಟ್ಟುಪಾಡಿನ ಅಂಚಿನವರೆಗೆ ಹೋಗಿ ನಿಲ್ಲುವುದೂ ಜಿದ್ದಿನ ಭಾಗವೇ ಆಯಿತು.

ಭಾನುವಾರ ಸಂಜೆ ಬೇರೆಯದೇ ಲೋಕ. ಚರ್ಚಿನ ಬಾಗಿಲಲ್ಲಿ ವಿಗ್ರಹ ಕಾಣಿಸುತ್ತಿದ್ದಂತೆ ಗಂಟೆ, ಬ್ಯಾಂಡು, ಸಿಡಿಮದ್ದು ಒಟ್ಟಿಗೆ ಶುರು. ಬಾಲ್ಕನಿಗಳಿಂದ ಚೂರು ಕಾಗದ ಹಿಮದ ಹಾಗೆ ಸುರಿಯುತ್ತದೆ. ಬಿಳಿ ನಿಲುವಂಗಿ ತೊಟ್ಟ ಹೊರುವವರು ಅಡ್ಡೆಗೆ ಹೆಗಲು ಕೊಟ್ಟಿರುತ್ತಾರೆ. ಒಬ್ಬೊಬ್ಬರ ಕೈಯಲ್ಲೂ ತಲೆಯಲ್ಲಿ ಕವಲಿರುವ ಒಂದು ಕೋಲು. ಅದರ ಹೆಸರು ‘ಫೊರ್ಚೀನಾ’. ವಿಗ್ರಹ ನಿಲ್ಲಬೇಕಾದಾಗ ಈ ಕವಲುಗೋಲನ್ನು ಅಡ್ಡೆಯ ಅಡಿಗೆ ಕೊಟ್ಟು ಭಾರ ಇಳಿಸುತ್ತಾರೆ. ಎಲ್ಲರ ಕೋಲೂ ಒಂದೇ ಗಳಿಗೆಗೆ ನೆಲ ಮುಟ್ಟಬೇಕು. ಮುಟ್ಟಿದರೆ ಒಂದೇ ಸದ್ದು, ವಿಗ್ರಹ ಅಲುಗುವುದಿಲ್ಲ. ಒಬ್ಬ ತಡಮಾಡಿದರೆ ಅವನ ಪಾಲಿನ ಭಾರ ಪಕ್ಕದವನ ಹೆಗಲಿಗೆ. ವರ್ಷಗಟ್ಟಲೆ ಹೊತ್ತವರ ಹೆಗಲಲ್ಲಿ ಗಂಟು ಕಟ್ಟಿರುತ್ತದೆ. ನಮ್ಮಲ್ಲಿ ದೇವರ ಅಡ್ಡೆ ಹೊತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೀದಿಯ ಮೂಲೆಯಲ್ಲಿ ನೂಗಾ ಮಾರುವವನ ಅಂಗಡಿ. ಮಾಲ್ಟೀಸ್‌ನಲ್ಲಿ ಅದು ‘ಉಬ್ಬೈತ್’: ಜೇನು, ಸಕ್ಕರೆ, ಬಾದಾಮಿ. ಬಿಳಿಯದು ಮೆತ್ತಗೆ, ಕಂದು ಬಣ್ಣದ್ದು ಹಲ್ಲಿಗೆ ಸವಾಲು. ಚಾಕುವಿನಿಂದ ಕತ್ತರಿಸಿ ಹಿತ್ತಾಳೆ ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ. ಪಕ್ಕದಲ್ಲೇ ಖರ್ಜೂರದ ಹೂರಣ ತುಂಬಿ ಎಣ್ಣೆಯಲ್ಲಿ ಕರಿದ ‘ಇಮ್‌ಆರೆತ್’. ಜಾತ್ರೆ ಮುಗಿಸಿ ಮನೆಗೆ ಹೋಗುವಾಗ ಕೈಯಲ್ಲಿ ಉಬ್ಬೈತ್ ಪೊಟ್ಟಣ ಇರಲೇಬೇಕು.

ಮದ್ದಿನ ವಿಷಯಕ್ಕೆ ಬರೋಣ. ದ್ವೀಪವನ್ನು 1530ರಿಂದ 1798ರವರೆಗೆ ಆಳಿದ ಸಂತ ಜಾನರ ಪಂಗಡದ ಸೈನಿಕರ ಕಾಲದಿಂದಲೂ ಇಲ್ಲಿ ಸಿಡಿಮದ್ದು ಇದೆ. ಇಂದು ಅದನ್ನು ಮಾಡುವವರು ಹೆಚ್ಚಾಗಿ ಸಂಬಳಗಾರರಲ್ಲ, ಹವ್ಯಾಸಿಗಳು. ಹಗಲು ಬಡಗಿಯೋ ಗುಮಾಸ್ತನೋ ಆಗಿರುವವನು ಪರವಾನಗಿ ಪಡೆದು, ಬಿಡುವಿನ ಹೊತ್ತನ್ನು ಊರ ಹೊರಗಿನ ಹೊಲದ ನಡುವಿನ ಕಾರ್ಖಾನೆಯಲ್ಲಿ ಮದ್ದು ತುಂಬುತ್ತಾ ಕಳೆಯುತ್ತಾನೆ. ಬಣ್ಣ ಮೇಲಕ್ಕೇರಿ ಅರಳುವ ‘ಮುರ್ತಾಲ್’ಗಳು ಒಂದು ಬಗೆ. ನೆಲದ ಮೇಲೆ ಕಂಬಕ್ಕೆ ಕಟ್ಟಿ ತಿರುಗಿಸುವ ‘ಜಿಜ್ಜಿಫೋಗು’ ಇನ್ನೊಂದು. ಇದರಲ್ಲಿ ಚಕ್ರದೊಳಗೆ ಚಕ್ರ, ಹಲ್ಲುಗಾಲಿ, ಸರಪಳಿ. ಮದ್ದು ಉರಿದ ಒತ್ತಡಕ್ಕೇ ಇಡೀ ಯಂತ್ರ ತಿರುಗಿ ಬೆಂಕಿಯ ರಂಗೋಲಿ ಬಿಡಿಸಬೇಕು. ತಿಂಗಳುಗಟ್ಟಲೆ ಕೆಲಸ, ಉರಿಯುವುದು ಕೆಲವೇ ನಿಮಿಷ. ಇದಕ್ಕೆ ತೆತ್ತ ಬೆಲೆ ಚಿಕ್ಕದಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಗೋಜೋದ ಘಾರ್ಬ್ ಊರಿನ ಕಾರ್ಖಾನೆಯೊಂದು ಸ್ಫೋಟಿಸಿ 6 ಮಂದಿ ಸತ್ತರು. ಪ್ರತಿ ದುರಂತದ ನಂತರ ಚರ್ಚೆ ಏಳುತ್ತದೆ, ನಿಯಮ ಬಿಗಿಯಾಗುತ್ತದೆ, ಮುಂದಿನ ಬೇಸಿಗೆಗೆ ಮತ್ತೆ ಮದ್ದು ಸಿದ್ಧವಾಗುತ್ತದೆ. ಜಿದ್ದಿನ ಈ ಮುಖವನ್ನು ಮೆಚ್ಚಿಕೊಳ್ಳಲು ನನಗೆ ಆಗುವುದಿಲ್ಲ.

ಎಲ್ಲ ಬಣಗಳೂ ಒಂದಾಗಿ ನೆನೆಯುವ ಒಂದು ಹಬ್ಬವಿದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್, ಇಟಾಲಿಯನ್ ವಿಮಾನಗಳು ಮಾಲ್ಟಾವನ್ನು ಜಜ್ಜಿದವು. 1942ರ ಏಪ್ರಿಲ್ 9ರಂದು ಮೋಸ್ಟಾ ಊರಿನ ಚರ್ಚಿನ ಗುಮ್ಮಟ ತೂರಿ ಬಾಂಬೊಂದು ಪ್ರಾರ್ಥನೆಗೆ ನೆರೆದಿದ್ದವರ ನಡುವೆ ಬಿತ್ತು, ಸಿಡಿಯಲಿಲ್ಲ. ಆಗಸ್ಟ್ ಹೊತ್ತಿಗೆ ದ್ವೀಪದಲ್ಲಿ ಹಿಟ್ಟೂ ಇಂಧನವೂ ಮುಗಿಯುತ್ತ ಬಂದಿದ್ದವು. ಜಿಬ್ರಾಲ್ಟರ್ ದಾಟಿ ಬಂದ 14 ಸರಕು ಹಡಗುಗಳಲ್ಲಿ ದ್ವೀಪ ಮುಟ್ಟಿದ್ದು 5. ಕೊನೆಯದಾಗಿ ಬಂದದ್ದು ‘ಒಹಾಯೊ’ ಎಂಬ ತೈಲ ಹಡಗು. ಅರೆ ಮುಳುಗಿ, ಎರಡು ಯುದ್ಧನೌಕೆಗಳ ನಡುವೆ ಕಟ್ಟಿಸಿಕೊಂಡು, ಗಾಯಾಳುವನ್ನು ಇಬ್ಬರು ಹೆಗಲು ಕೊಟ್ಟು ಕರೆತಂದಂತೆ ಅದು ಬಂದರು ಹೊಕ್ಕಿತು. ದಿನ, ಆಗಸ್ಟ್ 15. ಅಂದಿನಿಂದ ಆ ಹಡಗು ಸಾಲಿಗೆ ಮಾಲ್ಟಾದವರ ಬಾಯಲ್ಲಿ ‘ಸಾಂತಾ ಮರಿಯಾ’ದ ಹೆಸರೇ ನಿಂತಿದೆ. ಸೆಪ್ಟೆಂಬರ್ 8ಕ್ಕೂ ಹೀಗೆ ಚರಿತ್ರೆಯ ನಂಟಿದೆ: 1565ರಲ್ಲಿ ಆಟೊಮನ್ ತುರ್ಕರ ಮುತ್ತಿಗೆ ಮುರಿದ ನೆನಪಿಗೆ ಅದು ಅಲ್ಲಿ ವಿಜಯದ ದಿನ. ಕ್ಯಾಥೊಲಿಕರಿಗೆ ಅದು ಮರಿಯಮ್ಮ ಹುಟ್ಟಿದ ದಿನವೂ ಹೌದು. ಅದೇ ಬೆಳಗ್ಗೆ ನಮ್ಮ ಕರಾವಳಿಯ ಚರ್ಚುಗಳಲ್ಲಿ ಮಕ್ಕಳು ಹೂವು ಹಿಡಿದು ಮೊಂತಿ ಫೆಸ್ತ್ ಮಾಡುತ್ತಾರೆ, ಮನೆಮನೆಗೆ ಹೊಸ ತೆನೆ ಹೋಗುತ್ತದೆ.

1960ರ ದಶಕದ ಆರಂಭದಲ್ಲಿ ಜೆರೆಮಿ ಬೋಸ್ವೇನ್ ಎಂಬ ಮಾನವಶಾಸ್ತ್ರಜ್ಞ ಮಾಲ್ಟಾದ ಒಂದು ಹಳ್ಳಿಯಲ್ಲಿ ಮನೆ ಹೂಡಿ ಈ ಬಣಗಳನ್ನು ಹತ್ತಿರದಿಂದ ಕಂಡರು. ಅವರ ಪುಸ್ತಕ ಬಂದದ್ದು 1965ರಲ್ಲಿ. ಜನ ವಲಸೆ ಹೋಗುತ್ತಿದ್ದಾರೆ, ಕಾಲ ಬದಲಾಗುತ್ತಿದೆ, ಊರಹಬ್ಬಗಳು ಇನ್ನು ಬಾಡುತ್ತವೆ ಎಂಬುದು ಆಗ ಅವರ ಎಣಿಕೆ. ಆದದ್ದು ತಿರುವುಮುರುವು. ವರ್ಷಗಳು ಕಳೆದಂತೆ ಮೆರವಣಿಗೆ ಉದ್ದವಾಯಿತು, ಮದ್ದು ಹೆಚ್ಚಾಯಿತು, ಹೊಸ ಬಡಾವಣೆಗಳಿಗೆ ಚದುರಿದವರು ಹಬ್ಬದ ವಾರ ಹಳೆಯ ಬೀದಿಗೆ ಮರಳತೊಡಗಿದರು. ತಮ್ಮ ಎಣಿಕೆ ತಪ್ಪಿತೆಂದು ಬೋಸ್ವೇನ್ ಮುಂದೆ ತಾವೇ ಬರೆದರು. ವಿದ್ವಾಂಸರಲ್ಲಿ ಅಷ್ಟು ಸುಲಭಕ್ಕೆ ಕಾಣಸಿಗದ ಗುಣ. 2023ರಲ್ಲಿ ಯುನೆಸ್ಕೊ ಮಾಲ್ಟಾದ ಊರಹಬ್ಬವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿ ಹೆಸರು ಇರುವುದು ಇಡೀ ದೇಶದ ಹಬ್ಬಕ್ಕೆ. ನಮ್ಮ ಬಣದ್ದೇ ಮೇಲು ಎಂದು ವಾದಿಸಲು ಅದರಿಂದ ಯಾರಿಗೂ ಅನುಕೂಲವಾಗಿಲ್ಲ.

ಭಾನುವಾರ ರಾತ್ರಿ ವಿಗ್ರಹ ಚರ್ಚಿಗೆ ಮರಳುತ್ತದೆ. ಸೋಮವಾರ ಊರಿಗೆ ಊರೇ ರಜೆ ಹಾಕಿ ಸಮುದ್ರ ದಂಡೆಗೆ ಹೊರಡುವ ವಾಡಿಕೆಯಿದೆ. ಅದಕ್ಕೆ ‘ಶಲಾತಾ’ ಎನ್ನುತ್ತಾರೆ. ಬುತ್ತಿ, ಮಕ್ಕಳು, ಮಲಗಿದರೂ ಬಿಡದ ಹೆಗಲು ನೋವು. ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ನಿಂತವರ ನಡುವೆ ನಿನ್ನೆಯ ಬ್ಯಾಂಡಿನ ತಪ್ಪು, ಎದುರು ಬಣದ ಮದ್ದಿನಲ್ಲಿ ಸಿಡಿಯದೆ ಬಿದ್ದವುಗಳ ಲೆಕ್ಕ. ಮಧ್ಯಾಹ್ನದ ಊಟದ ಹೊತ್ತಿಗೆ ಮಾತು ಮುಂದಿನ ವರ್ಷದ ಚಂದಾಕ್ಕೆ ಬಂದಿರುತ್ತದೆ.